ಅಳಿಲು ದಾಟಿದ್ದಕ್ಕೆ ಸಾಕ್ಷಿ

ನಮ್ಮ ಮನೆಯಲ್ಲಿ ಅಂಗೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮ್ ಒಂದಿದೆ. ಚಿಕ್ಕವರಿದ್ದಾಗ ಅಕ್ಕ ಮತ್ತು ನಾನು ಕಿತ್ತಾಡಿಕೊಂಡು ಆಡಿದ್ದು. ಅದರೊಳಗೊಂದು ಅಳಿಲು, ಹೊಳೆಯಲ್ಲಿ ತೇಲಿಬರುವ ದಿಮ್ಮಿಗಳ ಮೇಲೆ ಹಾರುತ್ತ ಆಚೆ ದಡ ಸೇರಬೇಕು. ಕೊನೆಯ ಹಂತವನ್ನು ನಮ್ಮಿಬ್ಬರಲ್ಲಿ ಒಬ್ಬರು ಒಮ್ಮೆ ದಾಟಿದ್ದುಂಟು. ಯಾರು ಎಂಬುದೇ ತಕರಾರು. ನಾನು ದಾಟಿದೆ, ಅವ್ವ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು ಎಂಬುದು ನನ್ನ ನೆನಪು. ಅವತ್ತು ಅವ್ವ ಇಟಗಿಗೆ ಹೋಗಿದ್ದಳು ಎನ್ನುತ್ತಾಳೆ ಅಕ್ಕ. ಆಧಾರವಿಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ನನಗೆ ಇತಿಹಾಸ ಕಲಿಸಿದವರು ಹೇಳಿದ್ದರು. ಆ ಪಾಠ ಮೊದಲು ತಿರುಗಿಬಿದ್ದದ್ದು ನನ್ನ ನೆನಪಿನ ಮೇಲೇ.

ಈಚೆಗೆ ರೋಣದ ಮನೆಯಲ್ಲಿ ಒಬ್ಬನೇ ಕೂತು ಆಡುತ್ತ ಆ ಹಂತ ದಾಟಿದೆ. ಕುಣಿದಾಡಿ, ನರಗುಂದದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ತೋರ್ಸು," ಅಂದಳು.

"ಹ್ಯಾಂಗ ತೋರ್ಸ್ಲಿ? ದಾಟಿದ ಮ್ಯಾಲ ಅದು ಅಳಿಲನ್ನ ಮತ್ತ ಈ ದಂಡಿಗೇ ತಂದು ನಿಲ್ಲಸ್ತೈತಿ."

"ಹಂಗಂದ್ರ ನೀ ದಾಟಿಲ್ಲ ಬಿಡು."

ಮರುದಿನ ಬೆಳಿಗ್ಗೆ ನನಗೇ ಅನುಮಾನ ಶುರುವಾಯಿತು. ದಾಟಿದ್ದು ಖರೆಯೇ? ಫೋನನ್ನು ತಂಬಿಗೆಗೆ ಆನಿಸಿಟ್ಟು ವಿಡಿಯೋ ತೆಗೆಯಲು ನೋಡಿದೆ; ಪರದೆಯ ಮೇಲೆ ಟ್ಯೂಬ್‌ಲೈಟ್ ಬೆಳಕಿನ ಪ್ರತಿಬಿಂಬ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ಇಂಥ ಯಂತ್ರದ ಬೆನ್ನು ಬಿಚ್ಚಿ ಒಳಗೊಂದು ಸಣ್ಣ ಬೋರ್ಡು ಕೂರಿಸಿದರೆ ಆಟವೆಲ್ಲ ವೈರಿನ ಮೂಲಕ ಕಂಪ್ಯೂಟರಿನಲ್ಲಿ ದಾಖಲಾಗುತ್ತದಂತೆ.

ನಾಗರ ಪಂಚಮಿಗೆ ಅಕ್ಕ ತವರಿಗೆ ಬಂದಾಗ ಅವಳನ್ನೂ ಕರೆದುಕೊಂಡು, ಆ ಬೋರ್ಡು ಹಾಕಿಸಲು ಗಜೇಂದ್ರಗಡದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅವಳಿಗೆ ಆ ಊರಲ್ಲಿ ಸೀರೆ ನೋಡುವುದಿತ್ತು. ದಾರಿಗೆಂದು ಶೇಂಗಾ, ಬೆಲ್ಲ ಹಾಕಿ ಕಟ್ಟಿದ ಹಬ್ಬದ ಉಂಡಿ ತಂದಿದ್ದಳು.

ಅಂಗಡಿಯ ಚಾಚಾ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮಾಡಬಹುದ್ರಿ ಸರ. ಮಾಡಿ ನೋಡಬೇಕಂತ ನನಗೂ ಭಾಳ ಆಸೆ ಐತಿ. ಆದ್ರ ಒಳಗಿನ ವೈರು ಹಳೇವು. ಬೆಸಿಗಿ ಹಾಕೂಮುಂದ ಹರದೂ ಅಂದ್ರ ಆಟಾನೂ ಇಲ್ಲ, ಅಳಿಲೂ ಇಲ್ಲ. ಹೇಳ್ರಿ, ಬಿಚ್ಚಲೋ ಬ್ಯಾಡೋ?"

ಸ್ಕ್ರೂಡ್ರೈವರ್ ಮೊದಲ ತಿರುಪಿನ ಮೇಲೆ ನಿಂತಿತ್ತು. ನಾನು ಬಾಗಿಲಿಗೆ ಹೋದೆ, ಬಂದೆ. ಬಿಚ್ಚರಿ ಅಂದೆ, ತಡೀರಿ ಅಂದೆ.

ಅಕ್ಕ ಕೇಳಿದಳು: "ಈ ಬೋರ್ಡು ಹಾಕಿಸಿದ್ರ ಏನ್ ಕಾಣತೈತಿ?"

"ಅಳಿಲು ದಾಟೋದು ಪೂರ್ತಿ ಕಾಣತೈತಿ."

"ಗುಂಡಿ ಒತ್ತಾವ್ರ ಬೆರಳು?"

"ಅದ್ಹ್ಯಾಂಗ ಕಾಣತೈತಿ?"

"ಮತ್ತ ದಾಟ್ಸಿದಾಂವ ನೀನ ಅಂತ ನಾ ಹ್ಯಾಂಗ ನಂಬ್ಲಿ, ಶಾಣ್ಯಾ? ಓಣ್ಯಾಗಿನ ಯಾರನರ ಕುಂಡ್ರಿಸಿ ಆಡ್ಸಿರ್ತಿ!"

ಚಾಚಾ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ದಿನ ಆಧಾರ ಆಧಾರ ಎಂದು ಒದ್ದಾಡಿದ ನನಗೆ, ಆ ಆಧಾರದಲ್ಲಿ ನಾನೇ ಇರುವುದಿಲ್ಲ ಎಂಬುದು ಹೊಳೆದಿರಲಿಲ್ಲ. "ಬ್ಯಾಡ್ರಿ ಚಾಚಾ, ಬಿಚ್ಚಬ್ಯಾಡ್ರಿ," ಅಂದೆ. ಅಕ್ಕನ ಕಡೆ ತಿರುಗಿ, "ಇಲ್ಲೇ ಕುಂಡ್ರು. ಕಣ್ಣ ತಗದು ನೋಡು."

ಸ್ಟೂಲಿನ ಮೇಲೆ ಕೂತು ಶುರು ಮಾಡಿದೆ. ನಮ್ಮ ಮನೆಯಲ್ಲಿ ಒಂದು ನೇಮ: ಉಂಡಿ ತಿಂದ ಕೈ ಆಟದ ಗುಂಡಿ ಮುಟ್ಟುವಂತಿಲ್ಲ, ಬೆಲ್ಲ ಅಂಟುತ್ತದೆ. ಹಾಗಾಗಿ ಪಂಚಮಿಯಲ್ಲಿ ಆಡುವವರ ಬಾಯಿಗೆ ಸರದಿ ಕಾಯುವವರೇ ಉಂಡಿ ಇಡಬೇಕು. ಅಕ್ಕ ಮರೆತಿರಲಿಲ್ಲ. ಅಳಿಲು ಮತ್ತೆ ಮತ್ತೆ ಹೊಳೆಗೆ ಬಿತ್ತು. ಕಡೆಗೊಮ್ಮೆ ಕೊನೆಯ ದಿಮ್ಮಿಗೆ ಬಂದಾಗ, ಅದು ಮುಳುಗುತ್ತಿರುವಾಗಲೇ, ಅವಳು ಒಂದು ಶೇಂಗಾ ಉಂಡಿಯನ್ನು ನನ್ನ ಬಾಯಿಗೆ ತುರುಕಿದಳು. ಉಸಿರಾಡಲೂ ಆಗದೆ ಹೆಬ್ಬೆರಳು ಒತ್ತಿದೆ. ಅಳಿಲು ಆಚೆ ದಡದ ಹುಲ್ಲಿನ ಮೇಲೆ ಬಾಲ ಕುಣಿಸುತ್ತ ನಿಂತಿತು.

"ದಾಟಿದಾ! ಚಾಚಾ, ನಮ್ಮ ತಮ್ಮ ದಾಟಿದಾ!" ಅಕ್ಕ ಕೂಗಿದ್ದಕ್ಕೆ ಎದುರಿನ ಸೀರೆ ಅಂಗಡಿಯವರೂ ಹೊರಗೆ ಬಂದರು.

ವಾಪಸಾಗುವ ಬಸ್ಸಿನಲ್ಲಿ ಫೋನ್ ಹಚ್ಚಿ ಗಂಡನಿಗೆ ವರದಿ ಕೊಟ್ಟಳು: "ಬಾಯಾಗ ಮೂರ್ ಉಂಡಿ ಇದ್ದುವ್ರಿ, ಕಣ್ಣ ಮುಚ್ಚಿ ದಾಟ್ಸಿದಾ. ನಾನ ನೋಡೀನಿ, ಖರೇನ!"

ನನಗೆ ನೆನಪಿರುವುದು ಒಂದೇ ಉಂಡಿ. ಕಣ್ಣೂ ತೆರೆದೇ ಇತ್ತು, ಅನ್ನಿಸುತ್ತದೆ. ತಿದ್ದೋಣವೆಂದು ತಿರುಗುವಷ್ಟರಲ್ಲಿ ಅವಳು ಪಕ್ಕದ ಸೀಟಿನ ಅಜ್ಜಿಗೆ ಮೊದಲಿನಿಂದ ಹೇಳಲು ಶುರು ಮಾಡಿದ್ದಳು. ಅಜ್ಜಿಯ ಜೊತೆ ನಾನೂ ಕಿವಿಗೊಟ್ಟೆ. ಅವಳ ಕತೆಯಲ್ಲಿ ನಾನು ನನಗಿಂತ ಚಲೋ ಆಡಿದ್ದೆ.