ಮೊದಲ ಹಾಜರಿ ಪುಸ್ತಕ

ನಮ್ಮ ಕಾಲೇಜಿನ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಇತಿಹಾಸದ ಟೀಚರ್ ಎಂಬ ಒಂದೇ ಕಾರಣಕ್ಕೆ. ಪುತ್ತೂರಿನ ಹತ್ತಿರ, ಹತ್ತೊಂಬತ್ತನೇ ಶತಮಾನದಲ್ಲಿ, ಒಬ್ಬ ಪಾದ್ರಿ ಇಗರ್ಜಿಯ ಜಗಲಿಯಲ್ಲಿ ಬೆರಳೆಣಿಕೆಯ ಹುಡುಗರನ್ನು ಕೂರಿಸಿಕೊಂಡು ಶುರು ಮಾಡಿದ ಶಾಲೆಯೇ ಬೆಳೆದು ಈ ಕಾಲೇಜಾದದ್ದು. ಅದಕ್ಕೆ ಉಳಿದಿದ್ದ ಸಾಕ್ಷಿ ಮೊದಲ ಹಾಜರಿ ಪುಸ್ತಕ ಮಾತ್ರ. ಎಲ್ಲ ಪುಟಗಳ ಫೋಟೊ ತೆಗೆಯಲು ಪ್ರಿನ್ಸಿಪಾಲ್ ಫಾದರ್ ಎರಡು ಸಲ ಹೇಳಿದ್ದರು. ಎರಡನೆಯ ಸಲ ನಾನು "ಆಗಿದೆ ಫಾದರ್" ಎಂದುಬಿಟ್ಟಿದ್ದೆ. ಆಗಿರಲಿಲ್ಲ. ನನ್ನ ಸೋಮಾರಿತನ ಮನೆಯವರಿಗೆಲ್ಲ ಗೊತ್ತು, ಫಾದರಿಗೆ ಮಾತ್ರ ಗೊತ್ತಿರಲಿಲ್ಲ.

ಶನಿವಾರ ಕೋಡಿಂಬಾಳದ ತವರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮಳೆ ಹೊಡೆದು, ಓದಲೆಂದು ಚೀಲದಲ್ಲಿ ಒಯ್ಯುತ್ತಿದ್ದ ಆ ಹಾಜರಿ ಪುಸ್ತಕ ಒದ್ದೆ ಮುದ್ದೆಯಾಯಿತು. ನಾನು ಓದಿದ್ದು ಆರಂಭದ ಎರಡೇ ಪುಟ, ಪಾದ್ರಿ ಬರೆದಿದ್ದ ಪ್ರಾರ್ಥನೆ ಮತ್ತು ನಿಯಮಗಳು; ಹುಡುಗರ ಹೆಸರು ಶುರುವಾಗುವುದು ಅದರ ನಂತರ.

ಅಮ್ಮ ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ತೋರಿಸಿದರು. "ಅದರಲ್ಲಿ ಇಡು ಮಾರಾಯ್ತಿ, ನಾಳೆಗೆ ಗರಿಗರಿ ಆಗ್ತದೆ. ಹೆದರುದು ಎಂತಕ್ಕೆ?"

ಶಾಲೆಗೆ ಹೋಗುವ ಕಾಲದಲ್ಲಿ ನಮ್ಮ ಯೂನಿಫಾರ್ಮು ಒಣಗುತ್ತಿದ್ದದ್ದೂ ಅಲ್ಲೇ. ಇಟ್ಟೆ. ಭಾನುವಾರ ತೆಗೆದರೆ ಹಾಳೆಗಳು ಸುಟ್ಟ ಹಪ್ಪಳದಂತೆ, ಮುಟ್ಟಿದಲ್ಲೆಲ್ಲ ಪುಡಿ.

ಸೋಮವಾರ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ತಪ್ಪೊಪ್ಪಿಕೊಳ್ಳಲೆಂದೇ ಫಾದರ್ ಕೋಣೆಗೆ ಹೋದೆ. ಎದುರಿಗೆ ಪೇಟೆಯ ಒಬ್ಬ ವಯಸ್ಸಾದ ಬ್ಯಾರಿ ವ್ಯಾಪಾರಿ ಕುಳಿತಿದ್ದರು. ತಮ್ಮ ಮುತ್ತಜ್ಜ ಇಲ್ಲಿ ಮೊದಲ ತಂಡದಲ್ಲಿ ಓದಿದವರೆಂದು ಅವರು ಹೇಳಿದರೆ ಮೊಮ್ಮಕ್ಕಳು ನಗುತ್ತಾರಂತೆ. ಮುತ್ತಜ್ಜನ ಹೆಸರು ಹೇಳಿ ನನ್ನ ಕಡೆ ತಿರುಗಿದರು.

"ಆ ಪುಸ್ತಕದಲ್ಲಿ ಹೆಸರು ಉಂಟಾ ಟೀಚರ್?"

ಹೆದರಿಕೆಯಲ್ಲಿ ನನ್ನ ಬಾಯಿಂದ ಬಂದದ್ದು, "ಉಂಟು."

ಅವರ ಕಣ್ಣು ತುಂಬಿತು. "ಹಾಗಾದ್ರೆ ಇವರಿಗೆ ತೋರಿಸಿ," ಎಂದರು ಫಾದರ್.

ಟವೆಲು ಬಿಚ್ಚಿದೆ. ಮಳೆ, ಹೊಗೆಗೂಡು, ತೆಗೆಯದ ಫೋಟೊ, ಎಲ್ಲ ಹೇಳಿದೆ. ಒಂದನ್ನು ಬಿಟ್ಟು. ಫಾದರ್ ಪುಡಿಯಾದ ಒಂದು ಹಾಳೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಕೊನೆಗೆ ಮಾತಾಡಿದವರು ಆ ಹಿರಿಯರೇ. "ಟೀಚರಿಗೆ ಬಯ್ಯಬೇಡಿ ಫಾದರ್. ಅವರು ಕಣ್ಣಾರೆ ಓದಿದ್ದಾರಲ್ಲ, ನಮಗೆ ಅಷ್ಟು ಸಾಕು. ಚರಿತ್ರೆಯಲ್ಲಿ ಬರೆಯಲಿ."

ಫಾದರ್ ನನ್ನನ್ನೇ ನೋಡಿದರು. "ಓದಿದ್ದೀರಿ ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಆಮೇಲೆ ಬರೆದೆ ಕೂಡ. ಅಚ್ಚಾದ ಆ ಪುಟಕ್ಕೆ ಆ ಹಿರಿಯರು ಚೌಕಟ್ಟು ಹಾಕಿಸಿ ತಮ್ಮ ಅಂಗಡಿಯಲ್ಲಿ ತೂಗುಹಾಕಿದ್ದಾರೆ. ನಾನು ಆ ದಾರಿಯಲ್ಲಿ ಹೋಗುವುದಿಲ್ಲ. ಆ ಹೆಸರು ಪುಸ್ತಕದಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.