ತಗಡಿನ ಮೇಲೆ ಬಿದ್ದ ಕಾಳು

ಬೆಳಗಾವಿಯಲ್ಲಿ ನನಗೆ ಆ ಮಾಳಿಗೆಯ ಕೋಣೆ ಸಿಕ್ಕಿದ್ದು ಉಳ್ಳಾಗಡ್ಡಿ ತಿನ್ನುವುದಿಲ್ಲ ಎಂಬ ಮಾತಿನ ಮೇಲೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಖಾನಾಪುರದಲ್ಲಿ ಹುಟ್ಟಿ ಬೆಳೆದವಳು, ಬೆಳಗಾವಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಒಂದು ಟ್ರಂಕು, ಒಂದು ಸ್ಟೋವು ಹಿಡಿದು ಬಂದಿದ್ದೆ. ಮನೆಯ ಮಾಲೀಕರು ಜೈನರು. ನಾವು ಲಿಂಗಾಯತರು, ಮಾಂಸದ ಮಾತು ನಮಗೂ ಇಲ್ಲ. ಆದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಮೂರನ್ನೂ ಬಿಟ್ಟರೆ ನನ್ನಂಥವಳು ಏನು ಬೇಯಿಸಿಕೊಂಡು ತಿನ್ನಬೇಕು? ಕೋಣೆಗೆ ಗಾಳಿ ಬೆಳಕು ಚೆನ್ನಾಗಿತ್ತು, ಹೂಂ ಎಂದುಬಿಟ್ಟೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿ, ಅವ್ವನ ಬಿಸಿ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಗುದ್ದಿಕೊಂಡು ತಿಂದು ಇಡೀ ವಾರದ ಸೇಡು ತೀರಿಸಿಕೊಳ್ಳುತ್ತಿದ್ದೆ.

ಪಾರಿವಾಳದ ಸುದ್ದಿಯನ್ನು ಮಾತ್ರ ಕೋಣೆ ಕೊಡುವಾಗ ಯಾರೂ ತೆಗೆದಿರಲಿಲ್ಲ. ಮೊದಲ ದಿನ ಬೆಳಕು ಹರಿಯುವ ಮುಂಚೆಯೇ ಗುಟುರ್ ಗುಟುರ್ ಕೇಳಿ ಎದ್ದು ಬಾಗಿಲು ತೆರೆದರೆ, ಬಯಲು ಮಾಳಿಗೆಯ ಮೂಲೆಯಲ್ಲಿ ಕಟ್ಟಿಗೆಯ ಗೂಡು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಮನೆಯ ಯಜಮಾನರು. ಕಾಳಿನ ಅಂಗಡಿಯವರು, ಅರವತ್ತು ದಾಟಿದವರು. ಅವರನ್ನು ನಾನು ಅಜ್ಜಾರು ಎನ್ನುತ್ತಿದ್ದೆ. ಅವರ ಹೆಂಡತಿ ಇಡೀ ಓಣಿಗೇ ಆಯಿ.

ಅವು ಗುಡಿಯ ಗೋಪುರದ ಸಾದಾ ಪಾರಿವಾಳಗಳಲ್ಲ. ಗಿರೇಬಾಜ್ ಎನ್ನುತ್ತಿದ್ದರು ಅಜ್ಜಾರು. ಎತ್ತರಕ್ಕೆ ಏರಿ, ಹಾರುತ್ತ ಹಾರುತ್ತಲೇ ಹಿಂದಕ್ಕೆ ಲಾಗ ಹಾಕಿ, ಏನೂ ಆಗಿಲ್ಲವೆಂಬಂತೆ ಮತ್ತೆ ಹಾರುವ ಜಾತಿ. ಅಜ್ಜಾರಿಗೆ ಮದುವೆಗೂ ಮುಂಚಿನ ಹುಚ್ಚಂತೆ ಅದು. ಗೂಡಿನ ಮುಂದೆ ಒಂದು ಉದ್ದನೆಯ ತಗಡು ಇಳಿಜಾರಾಗಿ ಚಾಚಿಕೊಂಡಿತ್ತು. ಹಕ್ಕಿ ಇಳಿಯುವುದು ಅದರ ಮೇಲೆ, ಕಾಳು ತಿನ್ನುವುದೂ ಅದರ ಮೇಲೆ. ಕೆಳಗಿನ ಅಡುಗೆಮನೆಯ ಅರ್ಧ ಛಾವಣಿಯೂ ಅದೇ ತಗಡು. ಅಜ್ಜಾರು ಕಾಳು ಚೆಲ್ಲಿದರೆ ಕೆಳಗೆ ಆಯಿಯ ಗೊಣಗು ಶುರು.

"ಒಲಿ ಮುಂದ ಕುಂತವ್ರ ತಲಿ ಮ್ಯಾಲೇ ಕಾಳ ಸುರಿದಂಗ ಆಕ್ಕೈತಿ ನೋಡ್ರಿ ಬಾಯಾರ!"

ಶಾಲೆಯಲ್ಲಿ ಕಲಿಸುವವಳೆಂದು ನಾನು ಇಬ್ಬರಿಗೂ ಬಾಯಾರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಐದು ಮರಿಗಳು ಆಗಿದ್ದವು. ತಲೆಯ ಮೇಲೆ ಹಳದಿ ಕೂದಲು ಇನ್ನೂ ಉದುರಿರಲಿಲ್ಲ, ಕೊಕ್ಕು ಮಾತ್ರ ಮೈಗಿಂತ ದೊಡ್ಡದು. ಇಷ್ಟು ಕುರೂಪದ ಮರಿಗಳನ್ನು ಇಷ್ಟು ಮುದ್ದು ಮಾಡುವ ಮನುಷ್ಯರನ್ನು ನಾನು ಅದುವರೆಗೆ ನೋಡಿರಲಿಲ್ಲ. ತಾವೇ ಕಾಳು ಹೆಕ್ಕುವುದನ್ನು ಕಲಿತ ಮೇಲೆ ಅಜ್ಜಾರು ಅವನ್ನು ಒಂದು ಜಾಳಿಗೆಯ ಪೆಟ್ಟಿಗೆಗೆ ಹಾಕಿ ಮಾಳಿಗೆಯ ನಡುವೆ ಇಟ್ಟರು. ಸುಮ್ಮನೆ ಕೂತು ನಾಲ್ಕು ದಿಕ್ಕು ನೋಡುವುದಷ್ಟೇ ಅವುಗಳ ಮೊದಲ ಪಾಠ. ಯಾವ ಹಂಚು ಯಾರದು, ತೆಂಗಿನ ಮರ ಎಲ್ಲಿ, ನೀರಿನ ಟಾಕಿ ಎಲ್ಲಿ, ತಮ್ಮ ಮನೆ ಎಲ್ಲಿ.

ಎರಡನೆಯ ಪಾಠ ಡಬ್ಬಿ. ಹಳೆಯ ತಗಡಿನ ಡಬ್ಬಿಯಲ್ಲಿ ಜೋಳ, ಸಜ್ಜಿ, ಸ್ವಲ್ಪ ಗೋಧಿ. ಮೊದಲು ಗಲಗಲ ಅಲುಗಾಡಿಸಿ, "ಬಾ ಬಾ ಬಾ" ಎಂದು ಕರೆದು, ಆಮೇಲೆಯೇ ಕಾಳು. ಹೊಟ್ಟೆ ತುಂಬ ಅಲ್ಲ. ಇನ್ನೂ ಬೇಕು ಎಂದು ಅವು ಕತ್ತು ಚಾಚುವಾಗಲೇ ಡಬ್ಬಿ ಮುಚ್ಚುತ್ತಿದ್ದರು. ಅದೂ ದಿನಕ್ಕೆ ಒಂದೇ ಸಲ, ಸಂಜೆ, ಹಾರಿ ಇಳಿದ ಮೇಲೆ. ಕಾಳಿನ ಜೊತೆ ಇಟ್ಟಿಗೆಯ ಪುಡಿ, ಸುಣ್ಣದ ಚೂರು. ಕುಡಿಯಲು ಅಗಲ ಬಾಯಿಯ ಮಣ್ಣಿನ ಬೋಗುಣಿ. ಆ ಬೋಗುಣಿಗಳನ್ನು ಖಾನಾಪುರದ ಕುಂಬಾರರಿಂದ ತಂದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತರೆ ಬಾಜುದವರು ಮರಾಠಿಯಲ್ಲಿ ಏನು ಮಾರುತ್ತೀ ಎಂದು ಕೇಳುತ್ತಿದ್ದರು.

"ಅಜ್ಜಾರ, ಇಷ್ಟ ಕಾಳ ಸಾಕಾಗ್ತೈತ್ರಿ?" ಎಂದು ಒಮ್ಮೆ ಕೇಳಿದೆ.

"ಹೊಟ್ಟಿ ತುಂಬಿದ ಹಕ್ಕಿಗೆ ಮನಿ ಯಾಕ ಬೇಕ್ರಿ? ಆಕಾಶ ಬಿಟ್ಟ ಬರಂಗಿಲ್ಲ ಅದು. ನೀವೂ ಹಂಗಽ ಅಲ್ಲ? ಶನಿವಾರ ಬಂತಂದ್ರ ಖಾನಾಪುರ ಬಸ್ಸಿಗೆ ಓಡ್ತೀರಿ. ಇಲ್ಲಿ ಉಳ್ಳಾಗಡ್ಡಿ ಸಿಕ್ಕಿದ್ರ ಓಡ್ತಿದ್ರೇನು?"

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಆಯಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಇರುವೆಯ ಗೂಡಿಗೆ ಸಕ್ಕರೆ ಹಾಕುವ ಹೆಂಗಸು ಆಕೆ. "ನಿಮ್ಮ ಆಟಕ್ಕ ಆ ಜೀವಾನ ಯಾಕ ಉಪಾಸ ಕೆಡವ್ತೀರಿ?" ಎಂದು ದಿನಾ ಸಂಜೆ ಮೆಟ್ಟಿಲ ಬುಡದಿಂದ ಗಂಡನನ್ನು ಕೇಳುತ್ತಿದ್ದರು. "ಉಪಾಸ ಅಲ್ಲ, ಶಿಸ್ತು" ಎಂಬ ಉತ್ತರ ಮೇಲಿನಿಂದ ಬರುತ್ತಿತ್ತು. ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಆಮೇಲೆ ಬೆಳಗಾಗುವವರೆಗೆ ಅನ್ನವಿಲ್ಲ, ಆಯಿ ನೀರನ್ನೂ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಆಕೆಯದೇ ಇನ್ನೊಂದು ನೇಮ: ಮನೆಯ ಮಾಡಿನ ಕೆಳಗಿನ ಜೀವಗಳೆಲ್ಲ ಉಂಡ ಮೇಲೆಯೇ ತಾನು ತಾಟಿನ ಮುಂದೆ ಕೂರುವುದು. ಹಕ್ಕಿಗಳು ಇಳಿದು, ಕಾಳು ತಿಂದು, ಗೂಡು ಸೇರಿದವು ಎಂದು ಗಂಡ ಮೆಟ್ಟಿಲಲ್ಲಿ ನಿಂತು ಕೂಗಿ ಹೇಳಬೇಕು, ಆಗ ಇಬ್ಬರ ಊಟ. ಓಣಿಯ ಬೇರೆ ಪಾರಿವಾಳದವರು ಕತ್ತಲಾಗುವವರೆಗೆ ಹಾರಿಸಿ ಮೀಸೆ ತಿರುವುತ್ತಿದ್ದರೆ, ಅಜ್ಜಾರು ಹೆಂಡತಿಯ ಊಟದ ಹೊತ್ತು ನೋಡಿ ಹಕ್ಕಿ ಇಳಿಸಬೇಕಾಗಿತ್ತು. ಅದಕ್ಕಾಗಿ ಅಂಗಡಿಯನ್ನು ನಾಲ್ಕಕ್ಕೇ ಮುಚ್ಚಿ ಬರುತ್ತಿದ್ದರು. ಇದನ್ನು ಅವರು ಒಂದು ದಿನವೂ ತ್ಯಾಗ ಎಂದು ಹೇಳಿಕೊಂಡಿದ್ದನ್ನು ನಾನು ಕೇಳಲಿಲ್ಲ.

ನನ್ನದು ಬೆಳಗಿನ ಶಾಲೆ. ಮಧ್ಯಾಹ್ನ ಕೋಣೆಯಲ್ಲಿ ಅಡ್ಡಾದಾಗ ಮೆಟ್ಟಿಲು ಹತ್ತುವ ಸಪ್ಪಳ ಕೇಳುತ್ತಿತ್ತು. ಆಯಿ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದು, ತಗಡಿನ ಮೇಲೆ ಸದ್ದಾದೀತೆಂದು ಬೋಗುಣಿಯಲ್ಲಿ ಸುರಿದು, ಮರಿಗಳಿಗೆ ತಿನ್ನಿಸಿ ಹೋಗುತ್ತಿದ್ದರು. ಒಮ್ಮೆ ಕಣ್ಣಿಗೆ ಕಣ್ಣು ಸಿಕ್ಕಿತು.

"ಬಾಯಾರ, ನೀವು ಮಲಗೀರಿ. ಏನೂ ನೋಡಿಲ್ಲ."

"ಇಲ್ರಿ ಆಯಿ, ಗಾಢ ನಿದ್ದಿ" ಎಂದು ಮಗ್ಗುಲಾದೆ.

ಸಂಜೆ ಅಜ್ಜಾರು ಒಂದು ಮರಿಯನ್ನು ಕೈಗೆತ್ತಿಕೊಂಡು, ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒಂದು ಸಲ ಮೆಟ್ಟಿಲ ಕಡೆ ನೋಡುತ್ತಿದ್ದರು. "ಹೂಂ" ಎನ್ನುತ್ತಿದ್ದರು, ಅಷ್ಟೇ. ಮುಷ್ಟಿ ಜೋಳ ಐದು ಮರಿಗೆ ಏನು ಲೆಕ್ಕ ಎಂದು ನಾನೂ ಸುಮ್ಮನಿದ್ದೆ.

ಮರಿಗಳು ಹಾರತೊಡಗಿದವು. ಮೊದಲು ಗೂಡಿನ ನೆತ್ತಿಯಿಂದ ತಗಡಿಗೆ, ತಗಡಿನಿಂದ ನನ್ನ ಒಣಹಾಕಿದ ಸೀರೆಗೆ. ಆಮೇಲೆ ಒಂದು ಸುತ್ತು, ಎರಡು ಸುತ್ತು. ಒಂದು ಸಂಜೆ ಕಂದು ಬಣ್ಣದ, ಬಿಳಿ ರೆಕ್ಕೆಯ ಮರಿ ಗಾಳಿಯಲ್ಲಿ ಗಕ್ಕನೆ ನಿಂತು, ಬಾಲದ ಮೇಲೆ ಕೂತಂತೆ ಮಾಡಿ, ಒಂದು ಲಾಗ ಹಾಕಿಬಿಟ್ಟಿತು. ತನಗೇನಾಯಿತೆಂದು ಅದಕ್ಕೇ ತಿಳಿಯದೆ ಹೆದರಿ ನೇರ ಬಂದು ತಗಡಿನ ಮೇಲೆ ಬಿತ್ತು. ಅಜ್ಜಾರು ಧೋತರ ಎತ್ತಿ ಕಟ್ಟಿ ಮಾಳಿಗೆಯ ತುಂಬ ಓಡಾಡಿದರು. ಆಯಿಯನ್ನೂ ಮೇಲೆ ಕರೆಸಿದರು. "ಹುಚ್ಚ ಹಕ್ಕಿ" ಎಂದರು ಆಯಿ, ಆದರೆ ಕಣ್ಣು ತೆಗೆಯಲಿಲ್ಲ.

ಅಷ್ಟರಲ್ಲಿ ಆಯಿಗೆ ಜ್ವರ ಬಂತು. ವಾರಗಟ್ಟಲೆ ಮಲಗಿ ಎದ್ದರು. ಖಾಲಿ ಹೊಟ್ಟೆಯಲ್ಲಿ ಇರಲೇಬಾರದು, ಊಟವಾದ ಮೇಲೆ ಗುಳಿಗೆ ತಪ್ಪಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಒಂದು ದಿನ ಮೋಡ ಕವಿದು ಹಕ್ಕಿಗಳು ತಡವಾಗಿ ಇಳಿದವು. ಹೊತ್ತು ಮುಳುಗಿತ್ತು. ಎಷ್ಟು ಹೇಳಿದರೂ ಆಯಿ ಉಣ್ಣಲಿಲ್ಲ, ಗುಳಿಗೆಯೂ ತಪ್ಪಿತು. ಮೇಲೆ ನಾನು ಒಗ್ಗರಣೆಯ ವಾಸನೆ ಕೆಳಗೆ ಹೋದೀತೆಂದು ಬರೀ ಚುರುಮುರಿ ತಿಂದು ಮಲಗಿದೆ. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಆಯಿ ತಲೆಸುತ್ತಿ ಬಿದ್ದರು. ಆಯಿಯ ಒಡೆದ ಹಣೆಗೆ ಅಜ್ಜಾರು ಅರಿಶಿನ ಒತ್ತಿ ಹಿಡಿದು ಕೂತದ್ದು ಈಗಲೂ ನನ್ನ ಕಣ್ಣ ಮುಂದಿದೆ. ಎರಡು ದಿನ ಹಕ್ಕಿ ಬಿಡಲಿಲ್ಲ. ಕೊನೆಗೆ ಆಯಿಯೇ, "ಗೂಡಿನ್ಯಾಗ ಕೊಳಿಸಬ್ಯಾಡ್ರಿ, ಬಿಡ್ರಿ" ಎಂದರು.

ಮೂರನೆಯ ದಿನ ಮಧ್ಯಾಹ್ನ ಆಯಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಎಷ್ಟೋ ದಿನದ ಮೇಲೆ ಕಂಡ ಮರಿಗಳು. ಸೆರಗಿನ ತುಂಬ ಜೋಳ. ಬೋಗುಣಿ ಖಾಲಿಯಾದಂತೆ ಮತ್ತೆ ಸುರಿದರು. ನಾನು ಎದ್ದು, "ಸಾಕ್ರಿ ಆಯಿ" ಎಂದೆ. "ಜ್ವರದಾಗ ನನಗ ಹಸಿವಿ ಅಂದ್ರ ಏನಂತ ತಿಳದೈತಿ, ಬಾಯಾರ" ಎಂದರು.

ಅಂದೇ ಅಜ್ಜಾರು ಅಂಗಡಿಯಿಂದ ಬರುವುದು ತಡವಾಯಿತು. ಏದುಸಿರು ಬಿಡುತ್ತ ಮೇಲೆ ಬಂದು, ಹೆಬ್ಬೆರಳಿಟ್ಟು ನೋಡದೆಯೇ ಗೂಡಿನಲ್ಲಿ ಮರಿಗಳ ಖಾನೆ ತೆರೆದರು. ಐದೂ ಮರಿಗಳು ಮೇಲೆದ್ದವು. ಎಷ್ಟು ಚೆಂದ ಹಾರಿದವೆಂದರೆ, ಉದ್ಯಮಬಾಗದ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬರುವವರು ಸೈಕಲ್ಲು ನಿಲ್ಲಿಸಿ ಕತ್ತೆತ್ತಿ ನೋಡಿದರು. ಸ್ವಲ್ಪ ಹೊತ್ತಿಗೆ ಅಜ್ಜಾರು ಡಬ್ಬಿ ಅಲುಗಾಡಿಸಿದರು. ಬರಲಿಲ್ಲ. ಹಾರಲಾರದ ಮುದಿ ಬಿಳಿ ಹೆಣ್ಣು ಪಾರಿವಾಳವನ್ನು ತಗಡಿನ ಮೇಲೆ ಬಿಟ್ಟರು. ಅದನ್ನು ನೋಡಿ ಮರಿಗಳು ಇಳಿಯುವುದು ರೂಢಿ. ಇಳಿಯಲಿಲ್ಲ. ಹೊಟ್ಟೆ ತುಂಬಿತ್ತಲ್ಲ. ಪಶ್ಚಿಮಕ್ಕೆ, ಹಿಂಡಲಗಾ ಕಡೆ, ಸೂರ್ಯ ಹಂಚುಗಳ ಮಟ್ಟಕ್ಕೆ ಇಳಿದಿದ್ದ. "ಬಾ ಬಾ ಬಾ" ಎನ್ನುತ್ತ ಅಜ್ಜಾರ ಗಂಟಲು ಒಡೆಯಿತು.

ಕೆಳಗಿನಿಂದ ಆಯಿ ಕೇಳಿದರು, "ಇಳದೂವ್ರೀ?"

ಅಜ್ಜಾರು ಆಕಾಶ ನೋಡಿದರು, ಸೂರ್ಯನನ್ನು ನೋಡಿದರು. ತಮ್ಮ ಅಂಗಡಿಯ ಜೋಳದಲ್ಲಿ ಹುಳ ಬಿದ್ದಿದ್ದರೆ ಗಿರಾಕಿಗೆ ತಾವೇ ಹೇಳಿ ವಾಪಸ್ಸು ಕಳಿಸುವ ಮನುಷ್ಯ ಅವರು. ಚೇಷ್ಟೆಗೂ ಸುಳ್ಳಾಡಿದ್ದನ್ನು ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಹೇಳಿದರು:

"ಇಳದಾವು. ತಿಂದಾವು. ತಾಟ ಹಾಕು."

ಕೆಳಗಿನಿಂದ ಆಯಿ ನನ್ನನ್ನು ಕೇಳಿದರು, "ಖರೇ ಏನ್ರಿ, ಬಾಯಾರ?"

"ಹೂಂ ರೀ ಆಯಿ, ಖರೇ" ಎಂದೆ. ಆಗ ಆ ಉತ್ತರ ಬಿಟ್ಟು ನನ್ನ ಬಾಯಿಗೆ ಬೇರೆ ಬರುವಂತೆಯೇ ಇರಲಿಲ್ಲ.

ಹಕ್ಕಿ ಆಕಾಶದಲ್ಲಿರುವಾಗ ಅಜ್ಜಾರು ಅವಕ್ಕೆ ಬೆನ್ನು ತಿರುಗಿಸಿದ್ದು ಅದೊಂದೇ ದಿನ. ಕೆಳಗೆ ಹೋಗಿ ಹೆಂಡತಿಯ ಎದುರು ಕೂತು ಉಂಡರು. ಆಯಿ ಗುಳಿಗೆ ನುಂಗಿದ ಮೇಲೆಯೇ ತಾವು ಎದ್ದರು. ನಾನು ಮೇಲೆ ಡಬ್ಬಿ ಹಿಡಿದು ನಿಂತಿದ್ದೆ, ಅಲುಗಾಡಿಸುವಂತಿಲ್ಲ, ಕೂಗುವಂತಿಲ್ಲ. ಮರಿಗಳು ಚುಕ್ಕಿಗಳಾಗಿ, ಕತ್ತಲು ಬಿದ್ದ ಮೇಲೆ ಕಾಣದಾದವು.

ಬೆಳಕು ಹರಿಯುವಾಗ ನಾನು ಬಾಗಿಲು ತೆರೆದರೆ ಅಜ್ಜಾರು ಮರಿಗಳ ಖಾಲಿ ಖಾನೆಯ ಮುಂದೆ ಕೂತಿದ್ದರು. ಹಿಂದೆಯೇ ಮೆಟ್ಟಿಲಲ್ಲಿ ಸಪ್ಪಳ. ಆಯಿ. ಅಜ್ಜಾರು ಗಡಬಡಿಸಿ ಎದ್ದು ಗೂಡಿಗೆ ಅಡ್ಡ ನಿಂತರು, ಪಾಪ, ಆ ಬಡಕಲು ಮೈಯಿಂದ ಏನು ಮುಚ್ಚೀತು?

"ಸರೀರಿ ಅತ್ತಾಗ" ಎಂದರು ಆಯಿ. "ನಿನ್ನೆ ಮಧ್ಯಾಹ್ನ ನಾನಽ ಹೊಟ್ಟಿ ತುಂಬ ತಿನಸಿದ್ನಿ. ದಿನಾ ತಿನಸ್ತಿದ್ನಿ."

"ಗೊತ್ತೈತಿ."

"ಗೊತ್ತಿದ್ದೂ ಒಂದಿನಾನೂ ಕೇಳಲಿಲ್ಲಲ್ಲ?"

"ಕೇಳಿದ್ರ ನೀ ಇಲ್ಲ ಅಂತಿದ್ದಿ. ನಿನ್ನ ಕಡಿಂದ ಯಾಕ ಸುಳ್ಳ ಹೇಳಸ್ಲಿ?"

ಆಯಿ ಡಬ್ಬಿ ಕೈಗೆ ತೆಗೆದುಕೊಂಡು ಅಲುಗಾಡಿಸಿದರು. ರೂಢಿ ಇಲ್ಲದ ಕೈ, ಕಾಳಿಗಿಂತ ಬಳೆಯ ಸದ್ದೇ ಜೋರು. ಮೂರು ಮನೆಯ ಆಚೆಯ ಹಂಚಿನ ನೆತ್ತಿಯಿಂದ ಒಂದು ಮರಿ ಎದ್ದಿತು. ಆಮೇಲೆ ಎರಡು. ನಾಲ್ಕು ಬಂದವು. ಕಂದು ಬಣ್ಣದ, ಬಿಳಿ ರೆಕ್ಕೆಯ ಮರಿ ಬರಲಿಲ್ಲ. ಬೆಕ್ಕೋ ಗೂಗೆಯೋ ಗೊತ್ತಾಗಲಿಲ್ಲ. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ನನಗೂ ಅಳು ಬಂತು. ಅಂದಿನಿಂದ ಆಯಿ ಮಧ್ಯಾಹ್ನ ಮೆಟ್ಟಿಲು ಹತ್ತುವುದನ್ನು ಬಿಟ್ಟರು.

ಶಾಲೆಗೆ ಹೊರಟಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಪ್ಪ ತಿಳಕೋಬ್ಯಾಡ್ರಿ ಆಯಿ, ನಿನ್ನೆ ನಾನೂ..." ಎಂದು ಶುರು ಮಾಡಿದೆ.

"ನನಗ ಆಗಽ ತಿಳದಿತ್ತು, ಬಾಯಾರ. ಅವರಿಗೆ ಸುಳ್ಳ ಹೇಳಾಕ ಬರಂಗಿಲ್ಲ. ನಾಕ ಕಾಳಾದ್ರೂ ಚೆಲ್ಲಬೇಕಿತ್ತಲ್ಲ ತಗಡಿನ ಮ್ಯಾಲೆ?" ಆಯಿ ತಲೆಯ ಮೇಲಿನ ತಗಡನ್ನು ತೋರಿಸಿದರು. "ಸಪ್ಪಳಽ ಇಲ್ಲ!"

"ಮತ್ತ ಯಾಕ ಉಂಡ್ರಿ?"

"ನನ್ನ ಸಲುವಾಗಿ ಅಂಥಾ ಮನಷ್ಯಾ ಸುಳ್ಳಾಡಿದ. ಅದರ ಮ್ಯಾಲೆ ನಾ ಉಣ್ಣದ ಮಲಗಿದ್ರ ಆ ಸುಳ್ಳೂ ದಂಡ, ಊಟಾನೂ ದಂಡ."

ಅಂದು ಸಂಜೆ ನಾಲ್ಕೂ ಮರಿಗಳು ಹೊತ್ತಿಗೆ ಸರಿಯಾಗಿ ಇಳಿದವು. ಅಜ್ಜಾರು ಒಂದು ಮುಷ್ಟಿ ಕಾಳು ತೆಗೆದು ತಗಡಿನ ಮೇಲೆ ಚೆಲ್ಲಿದರು. ಚೆಲ್ಲಿದ್ದೇ ತಡ, ಕೆಳಗಿನಿಂದ ಆಯಿಯ ದನಿ ಬಂತು:

"ಕೇಳಿಸ್ತ್ರೀ! ಇವತ್ತ ಕೇಳಿಸ್ತು!"

ಅಜ್ಜಾರ ಕೈ ಡಬ್ಬಿಯಲ್ಲೇ ನಿಂತಿತು. ತಗಡನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಕೆಂಪಾಯಿತು, ಆ ವಯಸ್ಸಿನಲ್ಲಿ. ಮರಿಗಳಿಗೆ ಅಷ್ಟೇ ಸಾಕಾಗಿತ್ತು, ಶಿಸ್ತಿನ ಪ್ರಕಾರ ಡಬ್ಬಿ ಮುಚ್ಚಬೇಕಾಗಿತ್ತು. ಅವರು ಮುಚ್ಚಲಿಲ್ಲ. ಇನ್ನೊಂದು ಮುಷ್ಟಿ ತುಂಬಿಕೊಂಡು, ಕೆಳಗೆ ಚೆನ್ನಾಗಿ ಕೇಳುವಂತೆ, ನಿಧಾನವಾಗಿ ಚೆಲ್ಲಿದರು.