ಕಾಂಪೌಂಡಿನಾಚೆಯ ಪುಂಡಿ

ಪಾರ್ವತಿನಗರದ ನಮ್ಮ ಮನೆಯ ಹಿಂದೆ, ಬಂಡೆ ಹಾಸದೆ ಬಿಟ್ಟ ಮಣ್ಣು ಒಂದು ಚಾಪೆಯಷ್ಟಿದೆ. ಈ ಬೇಸಿಗೆಯ ಕೊನೆಗೆ ಅದರ ಮೇಲೆ ನಾನೂ ಅತ್ತೆಯೂ ಇಬ್ಬರೂ ಆಸೆಪಟ್ಟೆವು. ನಾನು ಕುರುಗೋಡಿನ ಗೆಳತಿಯ ತೋಟದಿಂದ ಸುಗಂಧರಾಜದ ಗಡ್ಡೆ ತಂದಿದ್ದೆ. ಸಿರುಗುಪ್ಪದ ಮನೆ ಬಿಟ್ಟು ನಮ್ಮೊಡನೆ ಇರಲು ಬಂದ ಅತ್ತೆ, ತಮ್ಮ ಹಿತ್ತಲ ಪುಂಡಿಸೊಪ್ಪಿನ ಬೀಜವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು.

"ಆಷಾಢಕ್ಕ ನಿಮ್ಮ ಶಾಕವ್ರತ ಬರ್ತದಲ್ಲ ಅತ್ತಿ," ಎಂದೆ. "ತಿಂಗಳು ಪೂರ್ತಿ ಸೊಪ್ಪು ಮುಟ್ಟಂಗಿಲ್ಲ. ಬೆಳೆದು ಯಾರಿಗೆ ಹಾಕೋದು?"

"ಹೌದಲ್ಲ. ನನಗ ನೆನಪೇ ಇಲ್ಲ ನೋಡು."

ಆ ಮಾತನ್ನು ನಾನು ನಂಬಿದೆನೋ, ನಂಬುವುದು ಅನುಕೂಲವಾಗಿತ್ತೋ, ಈಗ ಹೇಳಲಾರೆ. ವರ್ಷವರ್ಷವೂ ಆ ತಿಂಗಳು ತರಕಾರಿ, ಸೊಪ್ಪು ಬಿಟ್ಟು ಬರೀ ಬೇಳೆಯ ಮೇಲೆ ಇರುವವರು ಅವರು. ವ್ರತದ ದಿನಗಳಲ್ಲೂ ಕಾಲೇಜಿನ ಕ್ಯಾಂಟೀನಿನಲ್ಲಿ ಪಲಾವು ತಿನ್ನುವ ನಾನು ಅವರಿಗೆ ವ್ರತ ನೆನಪಿಸಿದೆ. ಗಡ್ಡೆ ನೆಟ್ಟೆ.

ಶ್ರಾವಣದಲ್ಲಿ ವ್ರತ ಮುಗಿಯಿತು. ಆ ದಿನ ಮೊದಲು ತರಕಾರಿ, ಸೊಪ್ಪು ದಾನ ಕೊಟ್ಟು ಆಮೇಲೆ ತಾವು ಉಣ್ಣುವುದು ಪದ್ಧತಿ. ಗಾಂಧಿನಗರದ ಅಂಗಡಿಯಿಂದ ನಾನು ತಂದ ಮೆಂತ್ಯ ಆಗಲೇ ಬಾಡಿತ್ತು. ಅತ್ತೆ ಅದಕ್ಕೆ ನೀರು ಚಿಮುಕಿಸಿದರು.

ಅಷ್ಟರಲ್ಲಿ ಬಟ್ಟೆ ಹೊಲಿಯುವ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಎರಡು ಕೈ ತುಂಬ ಪುಂಡಿ ಚಾಚಿದಳು.

"ತಗೋರಿ ಅಮ್ಮಾರ, ನಿಮ್ಮ ಬೀಜದ್ದು. ವ್ರತ ಮುಗಿಯೋ ದಿನಕ್ಕ ಬೇಕು ಅಂತ ಕಾಯಿಸಿದ್ರಿ. ನಮ್ಮನಿಯವರು ದಿನಾ ಕೇಳ್ತಾರ, ಈ ಗಿಡ ನಂದೋ ಅಮ್ಮಾರದೋ ಅಂತ."

"ನೆಲ ನಿಂದವ್ವಾ. ತಿನ್ನಬಾರದಿತ್ತೇನು?"

"ನೀವು ಬಾಯಿ ಕಟ್ಟಿ ಕುಂತಾಗ ನಾ ಚಟ್ನಿ ಅರೀಲೇನು?" ಎಂದು ನಕ್ಕು ನನ್ನತ್ತ ತಿರುಗಿದಳು. "ನಿಮ್ಮ ಹೂವು ಭಾಳ ಚಲೋ ಬಂದಾವಂತ ಟೀಚರ್. 'ನಮ್ಮ ಸೊಸಿ ಕೈಗುಣ' ಅಂತಾರ ಅಮ್ಮಾರು."

ಅತ್ತೆ ಯಾವುದನ್ನೂ ಮರೆತಿರಲಿಲ್ಲ. ಇದೇ ದಿನಕ್ಕೆಂದು ಲೆಕ್ಕ ಹಾಕಿಯೇ ಬೀಜ ತಂದಿದ್ದರು. ನಮ್ಮ ಮಣ್ಣು ಸಿಗದಾಗ ಗೋಡೆಯಾಚೆ ಕೇಳಿಕೊಂಡರು. ಕೇಳುವಾಗ ನನ್ನ ಬಗ್ಗೆ ಏನು ಹೇಳಿದ್ದರೋ. ಏನೂ ಹೇಳಿರಲಾರರು ಎನ್ನುವುದೇ ನನ್ನನ್ನು ಹೆಚ್ಚು ಕುಗ್ಗಿಸಿತು.

"ಗಡ್ಡೆ ಕಿತ್ತುಬಿಡ್ತೀನಿ ಅತ್ತಿ," ಎಂದೆ, ಒಳಗೆ ಬಂದಮೇಲೆ.

"ಹೂ ಬಿಟ್ಟದ್ದನ್ನ ಯಾರರ ಕೀಳ್ತಾರೇನು? ಬಾ, ಸೊಪ್ಪು ಸೋಸು."

ದಾನದ ಪಾಲು ಬೇರೆ ತೆಗೆದಿಟ್ಟರು. ಉಳಿದದ್ದರ ಮುಂದೆ ನಾನು ಕೂತು, ತಲೆ ಎತ್ತದೆ ಒಂದೊಂದೇ ಎಲೆ ಬಿಡಿಸಿದೆ.